ಅಕ್ಷರಕ್ಕಿಷ್ಟು

ಬೌಲಿಂಗ್ ಆಟದಂಗಡಿಯ ಹಿಂಬದಿಗೆ ನನ್ನದೊಂದು ಗೂಡು.
ಮೀನು ಹಿಡಿದು ಗೆದ್ದವರ ಬಿಲ್ಲೆ, ಸತ್ತ ನಾಯಿಯ ಹೆಸರು,
ಇಪ್ಪತ್ತೈದು ವರ್ಷ ಬಸ್ಸು ಓಡಿಸಿದವನ ಗಡಿಯಾರದ ಬೆನ್ನು,
ಎಲ್ಲ ಕೊರೆಯುತ್ತೇನೆ. ಅಕ್ಷರಕ್ಕಿಷ್ಟು.
ಉತ್ತರ ಡಕೋಟದಲ್ಲಿ ಅಕ್ಟೋಬರ್ ಬಂತೆಂದರೆ
ಮೊದಲ ಹಿಮಕ್ಕೂ ಮುಂಚೆ ವಿಶ್ವವಿದ್ಯಾಲಯದ ಪಟ್ಟಿ ಬರುತ್ತದೆ:
ಕಲೆ ಮತ್ತು ವಿಜ್ಞಾನ ಕಾಲೇಜು, ಈ ಸಲ ಮೂವತ್ತೊಂದು ಫಲಕ.

ಕೊಟ್ಟವರ ಹೆಸರು ಕೊಟ್ಟಷ್ಟೇ ದಪ್ಪ.
ಹತ್ತು ಲಕ್ಷಕ್ಕೆ ಕಂಚು, ಅಂಗೈಯಗಲ;
ಸಾವಿರಕ್ಕೆ ಹಿತ್ತಾಳೆಯ ತಗಡು, ಬೆರಳುದ್ದ.
ಗೋದಿ ಕಣಜದ ಓಸ್ಟ್‌ಬಿ ದಂಪತಿಗೆ ಒಂದಿಡೀ ಕಂಬ.
ವರ್ಲಿನ್ ಓಸ್ಟ್‌ಬಿ ಓದಿದ್ದು ತತ್ತ್ವಶಾಸ್ತ್ರ,
ಮಾರಿದ್ದು ಗೋದಿ. ಎರಡರಲ್ಲೂ ಹೊಟ್ಟು ತೂರಬೇಕು
ಅಂತ ಪ್ರತಿ ವರ್ಷ ಅವನದೇ ಜೋಕು;
ಪ್ರತಿ ವರ್ಷ ಡೀನ್ ಟ್ವೆಟೆನ್ ಮೊದಲು ನಗುತ್ತಾರೆ.

ಹೆಸರು ಬೇಡ ಅಂದವರೂ ಒಬ್ಬರಿದ್ದಾರೆ.
ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದಂತೆ.
ಸರಿ. ಆದರೆ ಗೋಡೆಗೆ ಖಾಲಿ ಜಾಗ ಆಗಿಬರುವುದಿಲ್ಲ.
'ಅನಾಮಧೇಯ' ಅಂತ ಕೊರೆಸಿದರು.
ಇಲ್ಲದ ಹೆಸರಿಗೂ ಅಕ್ಷರ ಎಣಿಸಿಯೇ ಕೂಲಿ ಪಡೆದೆ.

ಮಂಗಳವಾರ ಅಂಗಡಿಗೆ ಬಂದವಳು ಡೋರೀನ್ ಲಾಡ್ಯೂಸರ್.
ಈ ವರ್ಷದ ಹಳೆಯ ವಿದ್ಯಾರ್ಥಿ ಗೌರವ ಅವಳಿಗೆ.
ಹತ್ತೊಂಬತ್ತು ವರ್ಷ ಕೂತು ಅಜ್ಜಿಯ ನುಡಿಗೆ, ಒಜಿಬ್ವೆಗೆ,
ನಿಘಂಟು ಕಟ್ಟಿದವಳು. ಹಿಮಕ್ಕೆಷ್ಟು ಪದ ಅಂತ ಕೇಳಬೇಡ,
ಕೇಳಿದವರಿಗೆಲ್ಲ ಹೇಳಿ ಸಾಕಾಗಿದೆ ಅಂದಳು.
ಆಮೇಲೆ ಕೌಂಟರಿಗೆ ಮೊಣಕೈಯೂರಿ:
"ನನ್ನ ಹೆಸರಿನ ಮೇಲೆ ಅವಳದ್ದೊಂದು ಸಾಲು ಹಿಡಿಯುತ್ತಾ?"
ಕಾಲೇಜಿನ ನಮೂನೆಯಲ್ಲಿ ಇರುವುದು ಒಂದೇ ಸಾಲು.
"ಅವಳೂ ಅಲ್ಲೇ ಇದ್ದಳು, ಹಾಸ್ಟೆಲ್ಲಿನ ಲಾಂಡ್ರಿಯಲ್ಲಿ,
ಹದಿನೇಳು ಚಳಿಗಾಲ. ಹೊದಿಕೆ ಮಡಿಚುತ್ತ
ಅವಳಂದ ಪದಗಳೇ ನನ್ನ ಪುಸ್ತಕದ ಅರ್ಧ."
ಚೀಟಿಯಲ್ಲಿ ಬರೆದುಕೊಟ್ಟಳು. ಸ್ವರಗಳೆಲ್ಲ ಜೋಡಿ ಜೋಡಿ,
ಕೈಹಿಡಿದು ರಸ್ತೆ ದಾಟುವ ಮಕ್ಕಳ ಹಾಗೆ.
ಒಂದು ಬಿಟ್ಟರೂ ಬೇರೆ ಯಾರೋ ಆಗಿಬಿಡುತ್ತಾಳೆ, ಜೋಕೆ, ಅಂದಳು.

ನಾನೂ ಅಲ್ಲೇ ಓದಿದವನು, ಎರಡನೇ ವರ್ಷದವರೆಗೆ.
ರಸಾಯನಶಾಸ್ತ್ರ ಕೈಬಿಟ್ಟಿತು; ಆಮ್ಲ ಮಾತ್ರ ಬಿಡಲಿಲ್ಲ,
ಇಂದಿಗೂ ಅದರಲ್ಲೇ ಲೋಹ ತೊಳೆಯುತ್ತೇನೆ.
ದಾನದ ಲಕೋಟೆ ನನಗೂ ಬರುತ್ತದೆ, ವರ್ಷಕ್ಕೆರಡು ಸಲ,
'ಪ್ರಿಯ ಪದವೀಧರರೇ' ಅಂತ.

ಸಮಾರಂಭದ ರಾತ್ರಿ ಸ್ಕ್ರೂಡ್ರೈವರ್ ಹಿಡಿದು ಗೋಡೆಯ ಬಳಿ ನಿಂತಿದ್ದೆ,
ಎಲ್ಲಾದರೂ ಒಂದು ಫಲಕ ಸಡಿಲಾದರೆ ಅಂತ.
ಕೋಳಿ, ಕಾಡಕ್ಕಿಯ ಅನ್ನ, ಮೂರು ಮೂರು ನಿಮಿಷದ ಭಾಷಣ.
ನಾಲ್ಕು ಸಲ ಅಭ್ಯಾಸ ಮಾಡಿಯೂ ಡೀನ್
ಲಾಡ್ಯೂಸರ್ ಅನ್ನುವಲ್ಲಿ ಎಡವಿದರು.
ಅವಳು ಮೈಕಿನ ಮುಂದೆ ಮೊದಲು ಮಾತೇ ಆಡಲಿಲ್ಲ.
ಊಟದ ಕರವಸ್ತ್ರ ಬಿಡಿಸಿ, ಕೊಡವಿ,
ಅಂಚಿಗೆ ಅಂಚು ಕೂಡಿಸಿ ಮಡಿಚುತ್ತ
ಮಡಿಕೆಗೊಂದು ಪದ ಹೇಳಿದಳು.
ಅರ್ಥ ಹೇಳಲಿಲ್ಲ.
ಮುಂದಿನ ಮೇಜಿನಲ್ಲಿ ಓಸ್ಟ್‌ಬಿಯ ಹೆಂಡತಿ
ಯಾರೂ ಹೇಳದೆ ತನ್ನ ಕರವಸ್ತ್ರ ಮಡಿಚತೊಡಗಿದಳು.

ಬೆಳಿಗ್ಗೆ ಬಿಲ್ಲು ಬರೆದೆ. ಮೂವತ್ತೊಂದು ಫಲಕ, ಅಕ್ಷರ ಎಣಿಸಿ.
ಒಂದು ಸಾಲನ್ನು ಮಾತ್ರ ಎಣಿಕೆಗೆ ಹಿಡಿಯಲಿಲ್ಲ.
ಹನಿಗೂಡಿದರೆ ಹಳ್ಳ ಅನ್ನುತ್ತಾರೆ. ಇದು ಹನಿಯೂ ಅಲ್ಲ,
ಹತ್ತು ಡಾಲರು ಎಂಬತ್ತು ಸೆಂಟು.
ಲೆಕ್ಕ ವಿಭಾಗದ ಹುಡುಗಿ ಫೋನ್ ಮಾಡಿದಳು:
"ಒಂದು ಫಲಕದಲ್ಲಿ ಎರಡು ಸಾಲಿದೆ, ಬಿಲ್ಲಿನಲ್ಲಿ ಒಂದೇ?"
ನೋಡುತ್ತೇನೆ ಅಂದೆ. ನೋಡಲಿಲ್ಲ.
ಹೊರಗೆ ಸಕ್ಕರೆ ಬೀಟಿನ ಲಾರಿಗಳು ರಸ್ತೆ ತುಂಬ
ಮಣ್ಣು ಉದುರಿಸುತ್ತ ಹೋಗುತ್ತಿದ್ದವು.
ಕೈ ತೊಳೆದೆ. ಉಗುರಿನ ಸಂದಿಯಲ್ಲಿ
ಹಿತ್ತಾಳೆಯ ಪುಡಿ ಇನ್ನೂ ಇತ್ತು,
ಯಾವ ಹೆಸರಿನದೋ.